ಉಳಿಯ ಮೇಲಿನ ಮುದ್ರೆ

ಗುಜರಿಯಲ್ಲಿ ಸಿಕ್ಕ ಹಳೆಯ ಉಳಿಯ ಊರು ಯಾವುದು? ತುಕ್ಕು ಒರೆಸಿ ಮುದ್ರೆ ನೋಡಿ. 'ವಾರ್ಡ್ ಅಂಡ್ ಪೇನ್' ಎಂದಿದ್ದರೆ ಅದು ಇಂಗ್ಲೆಂಡಿನ ಷೆಫೀಲ್ಡಿನದು. ಆ ಕಾರ್ಖಾನೆ ಮುಚ್ಚಿ ದಶಕಗಳೇ ಕಳೆದಿವೆ. 'ಕಾಸ್ಟ್ ಸ್ಟೀಲ್' ಎಂದಿದ್ದರೆ ಬೀಡು ಕಬ್ಬಿಣವೆಂದು ತಿಳಿಯಬಾರದು. ಅದು ಮೂಸೆಯಲ್ಲಿ ಕರಗಿಸಿದ ಉಕ್ಕು. ಷೆಫೀಲ್ಡ್ ಬಳಿ 1740ರ ದಶಕದಲ್ಲಿ ಆ ವಿಧಾನವನ್ನು ರೂಪಿಸಿದವನು ಬೆಂಜಮಿನ್ ಹಂಟ್ಸ್‌ಮನ್.

ಆದರೆ ದೊಡ್ಡಮಳೂರಿನ ಸುತ್ತಲ ಸೀಮೆಗೂ ಉಕ್ಕು ಹೊಸದಲ್ಲ. 1800ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, ಮಾಗಡಿ ಸೀಮೆಯಲ್ಲಿ ಉಕ್ಕು ತಯಾರಿಸುವ ಬಗೆಯನ್ನು ಬರೆದಿಟ್ಟ. ಪಕ್ಕದ ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಎಳೆಯುತ್ತಿದ್ದ ಉಕ್ಕಿನ ತಂತಿ ದೂರದ ಊರುಗಳಿಗೆ ಹೋಗುತ್ತಿದ್ದುದನ್ನೂ ದಾಖಲಿಸಿದ.

ಆದ್ದರಿಂದ ಮುದ್ರೆಯಿಲ್ಲದ ಉಳಿಯನ್ನು ಅನಾಥವೆನ್ನಬೇಡಿ. ಅದರ ತವರು ಪಕ್ಕದ ಕುಲುಮೆಯೇ ಇರಬಹುದು. ತೂಕಕ್ಕೆ ಹಾಕುವ ಮುನ್ನ ಊರಿನ ಹಿರಿಯ ಬಡಗಿಯನ್ನು ಕೇಳಿ. ಆ ಗುರುತು ಉಳಿದಿರುವುದು ಅವರ ನೆನಪಿನಲ್ಲಿ ಮಾತ್ರ.