ಹೂಜಿ ಗಿಡವನ್ನೇ ನಂಬಿದ ಪತಂಗ

(ನಂದಗುಡಿಯ ರೈತರಿಗಾಗಿ ಮಾಡಿದ ಭಾಷಣದ ಬರಹರೂಪ)



ಹಿಪ್ಪುನೇರಳೆ ಸೊಪ್ಪಿಲ್ಲದೆ ರೇಷ್ಮೆ ಹುಳುವಿಲ್ಲ. ಹೊಸಕೋಟೆ ತಾಲ್ಲೂಕಿನಲ್ಲಿ ಹುಳು ಸಾಕುವ ಮನೆಯ ಮಕ್ಕಳಿಗೂ ಇದು ಗೊತ್ತು. ಹೀಗೆಯೇ ಒಂದು ಬಗೆಯ ಗಿಡವನ್ನೇ ನಂಬಿದ ಇನ್ನೊಂದು ಪತಂಗ ಅಮೆರಿಕದ ಆಗ್ನೇಯ ಭಾಗದ ಜೌಗು ನೆಲದಲ್ಲಿದೆ. ಅದರ ಹೆಸರು ಎಕ್ಸೈರಾ ಸೆಮಿಕ್ರೋಸಿಯ. ವಿಚಿತ್ರವೆಂದರೆ, ಅದು ನಂಬಿರುವುದು ಕೀಟಗಳನ್ನು ತಿನ್ನುವ ಗಿಡವನ್ನು!

ಸ್ಯಾರಸೀನಿಯ ಎಂಬ ಈ ಹೂಜಿ ಗಿಡದ ಎಲೆ ಕೊಳವೆಯ ಆಕಾರದ್ದು. ಜೌಗು ಮಣ್ಣಿನಲ್ಲಿ ಸಾರಜನಕ ತೀರ ಕಡಿಮೆ. ಕೊಳವೆಯೊಳಕ್ಕೆ ಜಾರಿಬಿದ್ದ ಇರುವೆ, ನೊಣಗಳನ್ನು ಅರಗಿಸಿಕೊಂಡು ಗಿಡ ಆ ಕೊರತೆಯನ್ನು ತುಂಬಿಕೊಳ್ಳುತ್ತದೆ. ಈ ಪತಂಗ ಮಾತ್ರ ಜಾರುವುದಿಲ್ಲ. ಒಳಗೋಡೆಯನ್ನು ಹಿಡಿದು, ತಲೆ ಮೇಲಾಗಿ ಹಗಲೆಲ್ಲ ಕುಳಿತಿರುತ್ತದೆ. ಮೊಟ್ಟೆಯನ್ನೂ ಅಲ್ಲಿಯೇ ಇಡುತ್ತದೆ. ಮರಿಹುಳು ಕೊಳವೆಯ ಬಾಯಿಗೆ ನೂಲಿನ ಬಲೆ ನೇಯ್ದು ಮುಚ್ಚಿ, ಒಳಪದರವನ್ನು ಕೆರೆದು ತಿಂದು, ಹೊರಪದರವನ್ನು ಕಾಗದದಂತೆ ಉಳಿಸುತ್ತದೆ. ಚಳಿಗಾಲ ಕಳೆಯುವುದೂ ಎಲೆಯೊಳಗೇ.

ತೊಗರಿ, ಕಡಲೆಗಳ ಕಾಯಿಕೊರಕಕ್ಕೆ ಇದು ದಾಯಾದಿ. ಎರಡೂ ನಾಕ್ಟುಯಿಡೇ ಕುಟುಂಬದವು. ಕಾಯಿಕೊರಕ ಸಿಕ್ಕ ಸಿಕ್ಕ ಗಿಡವನ್ನೆಲ್ಲ ತಿನ್ನುತ್ತದೆ, ಎಷ್ಟು ಸಿಂಪಡಿಸಿದರೂ ಮತ್ತೆ ಬರುತ್ತದೆ. ಇದಾದರೋ ಗಿಡ ಹೋದಲ್ಲಿ ತಾನೂ ಹೋಗುತ್ತದೆ. ಕಾಲುವೆ ತೋಡಿ ನೀರು ಬಸಿದು, ಪೈನ್ ತೋಪು ಎಬ್ಬಿಸಿದ್ದರಿಂದ ಅಲ್ಲಿನ ಹೂಜಿ ಗಿಡದ ಜೌಗಿನಲ್ಲಿ ಉಳಿದಿರುವುದು ಶೇಕಡ 3ರಷ್ಟೂ ಇಲ್ಲವೆಂದು ಅಂದಾಜು.

ಬೆಂಕಿಯ ವಿಚಾರ ಸ್ವಲ್ಪ ತೊಡಕಿನದು. ಬೆಂಕಿಯೇ ಬೀಳದಿದ್ದರೆ ಪೊದೆ ಬೆಳೆದು ಗಿಡಕ್ಕೆ ಬಿಸಿಲು ಸಿಗದು. ಆದ್ದರಿಂದ ಅಲ್ಲಿ ಬೇಕೆಂದೇ ಸುಡುತ್ತಾರೆ. ನೆಲದಡಿಯ ಗೆಡ್ಡೆ ಮತ್ತೆ ಚಿಗುರುತ್ತದೆ, ಎಲೆಯೊಳಗಿನ ಹುಳು ಮಾತ್ರ ಸತ್ತುಹೋಗುತ್ತದೆ. ಇಡೀ ಜೌಗನ್ನು ಒಮ್ಮೆಗೇ ಸುಟ್ಟರೆ ಗಿಡ ಉಳಿದು ಪತಂಗ ಇಲ್ಲವಾಗಬಹುದು. ಭಾಗ ಮಾಡಿ ಸುಟ್ಟರೆ, ಸುಡದ ಭಾಗದಿಂದ ಪತಂಗ ಹಾರಿಬಂದು ಮತ್ತೆ ನೆಲೆಸುತ್ತದೆ.

ಕರ್ನಾಟಕದಲ್ಲಿಯೂ ಕೀಟ ತಿನ್ನುವ ಗಿಡಗಳಿವೆ. ತೇವವಿರುವ ಬಡ ಮಣ್ಣಿನ ಹುಲ್ಲುಗಾವಲಿನಲ್ಲಿ ಕಾಸಿನಗಲ, ಕೆಂಪಗೆ ನೆಲಕ್ಕೆ ಅಂಟಿ ಬೆಳೆಯುವ ಡ್ರಾಸೆರ ಅಂತಹದು. ಎಲೆಯ ರೋಮಗಳ ತುದಿಯಲ್ಲಿ ಇಬ್ಬನಿಯಂತೆ ಅಂಟು ಹೊಳೆಯುತ್ತದೆ. ಯೂರೋಪಿನಲ್ಲಿ ಡ್ರಾಸೆರವನ್ನೇ ತಿಂದು ಬದುಕುವ, ಗರಿಯಂತಹ ರೆಕ್ಕೆಯ ಪುಟ್ಟ ಪತಂಗವೊಂದಿದೆ. ಗೊಬ್ಬರದ ನೀರು ಹರಿದರೆ ಹುಲ್ಲು ಎತ್ತರ ಬೆಳೆದು ಈ ಗಿಡವನ್ನು ಮುಚ್ಚಿಬಿಡುತ್ತದೆ.

ಇದನ್ನು ಉಳಿಸಿದರೆ ರಾಗಿ ಒಂದು ಸೇರೂ ಹೆಚ್ಚು ಬಾರದು, ನಿಜ, ಖರ್ಚೂ ಇಲ್ಲ. ಗೋಮಾಳದಲ್ಲೋ ಕೆರೆಯಂಚಿನಲ್ಲೋ ಈ ಗಿಡವಿದ್ದರೆ, ಗೋಡು ಮಣ್ಣನ್ನು ಬೇರೆ ಕಡೆಯಿಂದ ತೆಗೆಯಿರಿ. ಎಲೆ ತಿನ್ನುವ ಮರಿಹುಳು ಕಂಡರೆ, ಗಿಡ ಕೀಳದೆ ಒಂದೆರಡು ಎಲೆಯೊಡನೆ ಸೀಸೆಯಲ್ಲಿಟ್ಟು, ದಿನಾಂಕ ಮತ್ತು ಸ್ಥಳ ಬರೆದು, ಕೃಷಿ ವಿಶ್ವವಿದ್ಯಾನಿಲಯದ ಕೀಟಶಾಸ್ತ್ರ ವಿಭಾಗಕ್ಕೆ ತಲುಪಿಸಿರಿ.