ಅಳಿಸಿ ಅಳಿಸಿ ಬರೆದ ಮುಖಗಳು



ಇದ್ದಿಲು ಎಂದೊಡನೆ ನಮಗೆ ನೆನಪಾಗುವುದು ಅಜ್ಜಿ ಹಲ್ಲುಜ್ಜಲು ಕೊಡುತ್ತಿದ್ದ ಕರಿಪುಡಿ, ಅಡಿಗೆಮನೆಯ ಗೋಡೆಯ ಮೇಲಿನ ಹಾಲಿನ ಲೆಕ್ಕ. ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವ ನಾನು, ಅದೇ ಇದ್ದಿಲಿನಿಂದ ಮುಖಗಳನ್ನು ಬರೆದ ನಮ್ಮ ಲಂಡನ್ನಿನ ಕಲಾವಿದ ಫ್ರಾಂಕ್ ಆವರ್‌ಬಾಕ್ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇನೆ.

ಇವರು 1931ರಲ್ಲಿ ಬರ್ಲಿನ್ನಿನ ಯಹೂದಿ ಕುಟುಂಬದಲ್ಲಿ ಹುಟ್ಟಿದವರು. 1939ರ ಏಪ್ರಿಲ್‌ನಲ್ಲಿ, ಇನ್ನೂ ಎಂಟು ತುಂಬದ ಮಗನನ್ನು ತಂದೆತಾಯಿ ಹಡಗು ಹತ್ತಿಸಿ ಇಂಗ್ಲೆಂಡಿಗೆ ಕಳುಹಿಸಿದರು. ಆಸರೆಯಾದವರು ಬಂಧುಗಳಲ್ಲ, ಐರಿಸ್ ಒರಿಗೋ ಎಂಬ ಲೇಖಕಿ. ಬಾಲಕ ಕೆಂಟ್‌ನ ಬನ್ಸ್ ಕೋರ್ಟ್ ಶಾಲೆ ಸೇರಿದ. ತಂದೆತಾಯಿಯನ್ನು ಮತ್ತೆ ನೋಡಲಿಲ್ಲ. ನಾಜಿಗಳು ಅವರನ್ನು ಕೊಂದರು.

ಮುಂದೆ ಸೇಂಟ್ ಮಾರ್ಟಿನ್ಸ್ ಮತ್ತು ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಕಲಿತರು. ಬರೋ ಪಾಲಿಟೆಕ್ನಿಕ್‌ನಲ್ಲಿ ಡೇವಿಡ್ ಬಾಂಬರ್ಗ್ ಅವರ ಸಂಜೆ ತರಗತಿಗೂ ಹೋದರು. ಹೊರಗಿನ ಗೆರೆ ನಕಲು ಮಾಡಿದರೆ ಸಾಲದು, ವಸ್ತುವಿನ ತೂಕ ಕೈಗೆ ಸಿಗಬೇಕು ಎಂಬುದು ಆ ಗುರುವಿನ ಪಾಠ. 1954ರಿಂದ ಕ್ಯಾಮ್‌ಡೆನ್‌ನ ಸ್ಟುಡಿಯೋ ಅವರ ಕರ್ಮಭೂಮಿಯಾಯಿತು.

ಇದ್ದಿಲ ಕಡ್ಡಿ ಎಂದರೆ ಗಾಳಿಯಾಡದಂತೆ ಸುಟ್ಟ ತೆಳು ಕೊಂಬೆ. ಅದರ ಪುಡಿ ಕಾಗದದ ಮೇಲೆ ಕೂರುತ್ತದೆ, ಒಳಗೆ ಇಳಿಯುವುದಿಲ್ಲ; ಒರೆಸಿದರೆ ಬರುತ್ತದೆ, ಆದರೆ ಬೂದು ನೆರಳು ಉಳಿಯುತ್ತದೆ. 1950ರ ದಶಕದಲ್ಲಿ ಆವರ್‌ಬಾಕ್ ಈ ಗುಣವನ್ನೇ ನೆಚ್ಚಿಕೊಂಡರು. ಗೆಳತಿ ಸ್ಟೆಲ್ಲಾ ವೆಸ್ಟ್, ಗೆಳೆಯ ಲಿಯಾನ್ ಕೊಸೊಫ್, ಸೋದರಸಂಬಂಧಿ ಗೆರ್ಡಾ ಬೋಮ್ ಮತ್ತೆ ಮತ್ತೆ ಬಂದು ಎದುರು ಕೂರುತ್ತಿದ್ದರು. ಅಂದು ಬರೆದದ್ದನ್ನು ಒರೆಸಿ, ಮರುಸಲ ಅದೇ ಹಾಳೆಯ ಮೇಲೆ ಹೊಸದಾಗಿ ಆರಂಭ. ರಬ್ಬರಿನಿಂದ ಕಪ್ಪನ್ನು ಎಬ್ಬಿಸಿ ಹಣೆಗೆ, ಮೂಗಿಗೆ ಬೆಳಕು ತರುತ್ತಿದ್ದರು. ಹೀಗೆ ತಿಂಗಳುಗಟ್ಟಲೆ! ಕಾಗದ ಹರಿದರೆ ತೇಪೆ ಅಂಟಿಸಿ ಮುಂದುವರಿಯುತ್ತಿದ್ದರು. 1958ರ ಸ್ವಂತ ಭಾವಚಿತ್ರದಲ್ಲಿ ಆ ತೇಪೆ ಕಣ್ಣಿಗೆ ಕಾಣುವಂತಿದೆ.

ನಮ್ಮ ಉಡುಪಿ ಕಡೆಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು (1911–1996) ಲಯದ ಮರ್ಮ ಅರಿಯಲು ಕಥಕ್ ನೃತ್ಯ ಕಲಿತವರು. ಅವರ ಗೆರೆ ಒಂದೇ ಉಸಿರಿನಲ್ಲಿ ಹರಿಯುತ್ತದೆ. ಆವರ್‌ಬಾಕ್ ದಾರಿ ಬೇರೆ, ಸಾಧನೆ ಅಷ್ಟೇ ಕಠಿಣ. ಕಂಪ್ಯೂಟರ್‌ನಲ್ಲಿ ಅಳಿಸಿದರೆ ಪರದೆಯ ಮೇಲೆ ಗುರುತೂ ಉಳಿಯದು. ಈ ಮುಖಗಳಲ್ಲಿ ಮಾತ್ರ ಅಳಿಸಿದ್ದೆಲ್ಲ ಒಳಗೇ ಕುಳಿತು ಆಳ ಕೊಡುತ್ತದೆ.

2024ರಲ್ಲಿ ಕೋರ್ಟಾಲ್ಡ್ ಗ್ಯಾಲರಿ ಈ ಇದ್ದಿಲ ಚಿತ್ರಗಳನ್ನು ಒಟ್ಟಿಗೆ ಪ್ರದರ್ಶಿಸಿತು. ಅದೇ ನವೆಂಬರ್‌ನಲ್ಲಿ, 93ರ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಬಂಧುಗಳೇ, 1939ರಲ್ಲಿ ಆ ಹುಡುಗ ಮುಂದೆ ಏನಾಗುತ್ತಾನೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಒಬ್ಬರು ಕೈ ಹಿಡಿದರು. ನಾವು ಇಂದು ಕೊಡುವುದೂ ಹೆಸರರಿಯದ ಯಾವುದೋ ಮಗುವಿಗೆ. ಅದು ಕಲಾವಿದನೇ ಆಗಬೇಕೆಂದಿಲ್ಲ. ಸುರಕ್ಷಿತವಾಗಿ ಬೆಳೆದರೆ ಸಾಕು.