ಬೆಂಗಳೂರು ತಂಡದ ಒಂದು ವರ್ಷ

(ವಾಚನಾಲಯದ ಭಾನುವಾರದ ಸಭೆಯಲ್ಲಿ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ಸಾಮಾನ್ಯವಾಗಿ ಸಾಹಿತ್ಯದ ಮಾತು, ಶರಣರ ಮಾತು, ಇಲ್ಲವೆ ಸಂಘದ ಜಮಾಖರ್ಚಿನ ಮಾತು ನಡೆಯುತ್ತದೆ. ಇಂದು ಫುಟ್‌ಬಾಲಿನ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯಕಾರಿ ಮಂಡಳಿಯವರು ನಮಗೆ ಅಪ್ಪಣೆ ಕೊಟ್ಟಿದ್ದಾರೆ. ನಾವು ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಹಾಜರಿ ಪುಸ್ತಕ ಬರೆಯುವ ಗುಮಾಸ್ತರು. ಆಟಗಾರರೂ ಅಲ್ಲ, ಪಂಡಿತರೂ ಅಲ್ಲ. ತಪ್ಪು ಕಂಡುಬಂದರೆ ಹಿರಿಯರು ತಿದ್ದಬೇಕು.

ವಿಷಯ ಹುಟ್ಟಿದ್ದು ಹೀಗೆ. ನಮ್ಮ ವಾಚನಾಲಯಕ್ಕೆ ದಿನಾಲು ಸಂಜೆ ಬರುವ ಹಿರಿಯರೊಬ್ಬರಿದ್ದಾರೆ. ವಿಜಯಪುರದ ಕಡೆಯವರು, ಮಗ್ಗದ ಖಾತೆಯಲ್ಲಿ ಮೂವತ್ತು ವರ್ಷ ದುಡಿದು ವಿಶ್ರಾಂತಿ ಪಡೆದವರು. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತೇವೆ. 2019ರ ಜನವರಿ ಕೊನೆಯ ಒಂದು ಸಂಜೆ ನಾವು ನಾಲ್ಕು ಮಂದಿ ಬೆಂಗಳೂರು ಎಫ್.ಸಿ. ತಂಡದ ಸೋಲನ್ನು ಕುರಿತು ಮೋರೆ ಸಣ್ಣಗೆ ಮಾಡಿಕೊಂಡು ಮಾತಾಡುತ್ತಿದ್ದೆವು. ಕಾಕಾ ಪತ್ರಿಕೆಯಿಂದ ತಲೆಯೆತ್ತಿ ಕೇಳಿದರು: “ಆ ಟೀಮಿನ್ಯಾಗ ನಮ್ಮ ಕಡೀ ಹುಡುಗ್ರು ಎಷ್ಟು ಮಂದಿ ಅದಾರಪಾ?”

ನಾವು ಹೆಸರು ಹೇಳತೊಡಗಿದೆವು. ನಾಯಕ ಸುನಿಲ್ ಛೇತ್ರಿ, ಹುಟ್ಟಿದ್ದು ಸಿಕಂದರಾಬಾದಿನಲ್ಲಿ. ಗೋಲು ಕಾಯುವ ಗುರುಪ್ರೀತ್ ಸಿಂಗ್ ಸಂಧು ಪಂಜಾಬಿನವರು. ಅಂಚಿನಲ್ಲಿ ಗಾಳಿಯಂತೆ ಓಡುವ ಉದಾಂತ ಸಿಂಗ್ ಮಣಿಪುರದವರು. ಹುವಾನನ್, ದಿಮಾಸ್ ಇಬ್ಬರೂ ಸ್ಪೇನಿನವರು. ಮಿಕು ವೆನೆಜುವೆಲಾದವರು. ಕಾಕಾ ನಕ್ಕರು. “ಹಂಗಾರ ಅದು ಬೆಂಗಳೂರ ಟೀಮ್ ಹೆಂಗಾತು?” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಅವರು ಕೇಳಿದ್ದು ಬರೀ ಚೇಷ್ಟೆಗಲ್ಲ ಎಂಬುದು ಆಮೇಲೆ ತಿಳಿಯಿತು. ಅವರ ಮೊಮ್ಮಗನಿಗೆ ಆಗ ಹನ್ನೆರಡು ವರ್ಷ. ಕಾಲಿಗೆ ಚೆಂಡು ಸಿಕ್ಕರೆ ಊಟ ಮರೆಯುವ ಹುಡುಗ. ಥಾಣೆ ಜಿಲ್ಲೆಯ ಆಯ್ಕೆಗೆ ಅವನನ್ನು ಕಳಿಸಬೇಕೆಂದು ಶಾಲೆಯ ಮಾಸ್ತರರು ಅರ್ಜಿ ಕೊಟ್ಟಿದ್ದರು. ಕಾಕಾ ಆ ಕಾಗದವನ್ನು ಸಹಿ ಮಾಡದೆ ಪೆಟ್ಟಿಗೆಯಲ್ಲಿಟ್ಟಿದ್ದರು. ಮಂದಿಯ ಊರಿನ ಹೆಸರಿನಲ್ಲಿ ಮೊಮ್ಮಗ ಆಡಿದರೆ ನಮ್ಮೂರ ಹೆಸರು ಎಲ್ಲಿ ಉಳಿಯಿತು ಎಂಬುದು ಅವರ ಸಂಕಟ. ಇಂಥ ಸಂಕಟ ಈ ಸಭೆಯಲ್ಲಿ ಕುಳಿತ ಅನೇಕರ ಮನೆಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಇದ್ದೇ ಇದೆ. ಆದ್ದರಿಂದ ಬೆಂಗಳೂರು ತಂಡದ ಆ ಒಂದು ವರ್ಷದ ಲೆಕ್ಕವನ್ನು ನಿಮ್ಮ ಮುಂದಿಡುತ್ತೇವೆ.

ಈ ತಂಡ ಹುಟ್ಟಿದ್ದು 2013ರಲ್ಲಿ. ಕಟ್ಟಿದವರು ಜೆ.ಎಸ್.ಡಬ್ಲ್ಯೂ. ಉಕ್ಕಿನ ಸಂಸ್ಥೆಯವರು. ಅವರ ದೊಡ್ಡ ಕಾರ್ಖಾನೆ ನಮ್ಮ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ. ಮುಖ್ಯ ಕಚೇರಿ ಇಲ್ಲೇ ಮುಂಬೈಯಲ್ಲಿ. ಅಂದರೆ ಹೆಸರು ಬೆಂಗಳೂರಿನದು, ಚೆಕ್ಕಿಗೆ ಸಹಿ ಬೀಳುವುದು ಮುಂಬೈಯಲ್ಲಿ! ಮೊದಲ ವರ್ಷವೇ, 2013-14ರಲ್ಲಿ, ಐ-ಲೀಗ್ ಗೆದ್ದರು. 2015-16ರಲ್ಲಿ ಇನ್ನೊಮ್ಮೆ ಗೆದ್ದರು. 2016ರಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯ ಮುಟ್ಟಿದರು. ಭಾರತದ ಯಾವ ಕ್ಲಬ್ಬೂ ಅದಕ್ಕೆ ಮುಂಚೆ ಅಲ್ಲಿಯವರೆಗೆ ಹೋಗಿರಲಿಲ್ಲ. 2017ರಲ್ಲಿ ಇಂಡಿಯನ್ ಸೂಪರ್ ಲೀಗಿಗೆ ಬಂದರು. ನಮ್ಮ ನೇರೂಳದ ಡಿ.ವೈ. ಪಾಟೀಲ ಕ್ರೀಡಾಂಗಣದಲ್ಲಿ 2014ರ ಡಿಸೆಂಬರಿನಲ್ಲಿ ಮೊದಲ ಅಂತಿಮ ಪಂದ್ಯ ನಡೆಯಿತಲ್ಲ, ಅದೇ ಲೀಗು.

ಹೊಸ ಲೀಗಿನ ಮೊದಲ ವರ್ಷದಲ್ಲಿ ಬೆಂಗಳೂರಿನವರು 18 ಪಂದ್ಯಗಳಿಂದ 40 ಅಂಕ ಗಳಿಸಿ ಪಟ್ಟಿಯ ತುದಿಯಲ್ಲಿದ್ದರು. ಅಂತಿಮ ಪಂದ್ಯವೂ ತಮ್ಮ ಮನೆಯ ಕಂಠೀರವ ಕ್ರೀಡಾಂಗಣದಲ್ಲೇ. ದಿನಾಂಕ 2018ರ ಮಾರ್ಚ್ 17. ಒಂಬತ್ತನೆಯ ನಿಮಿಷಕ್ಕೇ ಛೇತ್ರಿ ಗೋಲು ಹೊಡೆದರು. ಊರೆಲ್ಲ ಹಬ್ಬದ ಸಿದ್ಧತೆ. ಆದರೆ ಚೆನ್ನೈಯವರು ಮೂರು ಗೋಲು ತಿರುಗಿಸಿ ಕೊಟ್ಟು 3-2ರಿಂದ ಕಪ್ಪು ಒಯ್ದರು. ವರ್ಷವಿಡೀ ಮೇಲಿದ್ದವರು ಒಂದು ಸಂಜೆಯಲ್ಲಿ ಬರಿಗೈಯಾದರು.

ಈಗ 2018-19ರ ವರ್ಷಕ್ಕೆ ಬರೋಣ. ಹತ್ತು ತಂಡಗಳು, ಪ್ರತಿ ತಂಡಕ್ಕೂ 18 ಪಂದ್ಯ, ಗೆದ್ದರೆ ಮೂರು ಅಂಕ, ಸಮವಾದರೆ ಒಂದು. ತರಬೇತುದಾರರು ಸ್ಪೇನಿನ ಕಾರ್ಲೆಸ್ ಕ್ವಾದ್ರಾತ್. ಸೆಪ್ಟೆಂಬರ್ 30ರಂದು, ಹಿಂದೆ ತಮ್ಮನ್ನು ಅಳಿಸಿದ ಅದೇ ಚೆನ್ನೈಯವರನ್ನು 1-0ಯಿಂದ ಸೋಲಿಸಿ ಬೆಂಗಳೂರಿನವರು ಖಾತೆ ತೆರೆದರು. ಮೊದಲ 11 ಪಂದ್ಯಗಳಲ್ಲಿ ಒಂದು ಸೋಲೂ ಇಲ್ಲ: ಎಂಟು ಗೆಲುವು, ಮೂರು ಸಮ, ಒಟ್ಟು 27 ಅಂಕ. ಗಾಯಗೊಂಡ ಮಿಕು ಕೆಲಕಾಲ ಹೊರಗೆ ಕುಳಿತರೂ ಲೆಕ್ಕ ತಪ್ಪಲಿಲ್ಲ.

ಮೊದಲ ಸೋಲು ಬಂದದ್ದು ಇಲ್ಲಿಯೇ, ಅಂಧೇರಿಯಲ್ಲಿ, 2019ರ ಜನವರಿ 27ರ ಭಾನುವಾರ. ಅಂದು ನಾವು ಡೊಂಬಿವಲಿಯಿಂದ ಲೋಕಲ್ ಹಿಡಿದು ಘಾಟ್‌ಕೋಪರಿಗೆ, ಅಲ್ಲಿಂದ ಮೆಟ್ರೋದಲ್ಲಿ ಆಜಾದ್ ನಗರಕ್ಕೆ ಹೋಗಿ ಪಂದ್ಯ ನೋಡಿದೆವು. ನಮಗೆ ಸಿಕ್ಕಿದ್ದು ಮುಂಬೈ ಸಿಟಿಯ ಅಭಿಮಾನಿಗಳ ನಡುವಿನ ಜಾಗ. ಅವರ ಅಂಗಿ ತಿಳಿನೀಲಿ, ನಮ್ಮ ತಂಡದ್ದು ಕಡುನೀಲಿ. ನಾವು ಹಾಕಿಕೊಂಡದ್ದು ಮಾತ್ರ ಗಿರಣಿಗೆ ಹೋಗುವ ಬಿಳಿ ಅಂಗಿ. ಮುಂಬೈಯವರು 1-0ಯಿಂದ ಗೆದ್ದರು. ಪಕ್ಕದಲ್ಲಿದ್ದ ಗೃಹಸ್ಥರು ಸಂತೋಷದಿಂದ ನಮ್ಮ ಬೆನ್ನು ತಟ್ಟಿ “ತುಮ್ಹೀ ಕುಠಲೇ?” ಎಂದು ವಿಚಾರಿಸಿದರು. “ಡೊಂಬಿವಲಿ” ಎಂದು ಹೇಳಿ ಸುಮ್ಮನಾದೆವು. ಹೇಳಿದ್ದು ಸುಳ್ಳಲ್ಲ. ಆದರೆ ಹೇಳಿದ ಬಗೆ ಸುಳ್ಳಾಗಿತ್ತು. ಮುಂಬೈಯ ಅನ್ನ ತಿಂದು ಬೆಂಗಳೂರಿಗೆ ಕೂಗುತ್ತೀರಾ ಎಂದು ಅವರು ಕೇಳಿರಲಿಲ್ಲ; ಕೇಳಿಯಾರೆಂದು ನಾವೇ ಹೆದರಿದ್ದೆವು. ಮರುದಿನ ಗಿರಣಿಯಲ್ಲಿ ಮೇಲ್ವಿಚಾರಕರು ಪಂದ್ಯದ ಮಾತೆತ್ತಿದಾಗ, ನಾವು ಹೋಗಿಯೇ ಇರಲಿಲ್ಲವೆಂದು ಬಿಟ್ಟೆವು. ಕಾಕಾ ತಮ್ಮ ಪ್ರಶ್ನೆ ಕೇಳಿದ್ದು ಅದೇ ವಾರ.

ಆ ಸೋಲಿನ ನಂತರ ತಂಡ ಜಾರತೊಡಗಿತು. ಕೊನೆಯ ಏಳು ಪಂದ್ಯಗಳಿಂದ ಬಂದದ್ದು ಏಳೇ ಅಂಕ. ಚೆನ್ನೈಯವರು ಸೋಲಿಸಿದರು, ದಿಲ್ಲಿಯವರು ಸೋಲಿಸಿದರು, ಜಮಶೇಡಪುರದವರಂತೂ 5-1ರಿಂದ ಕೆಡವಿದರು. ಗಿರಣಿಯ ಭಾಷೆಯಲ್ಲಿ ಹೇಳುವುದಾದರೆ, ವರ್ಷದ ಮೊದಲರ್ಧದಲ್ಲಿ ಕೂಡಿಟ್ಟ ರಜೆಯನ್ನು ಕೊನೆಯಲ್ಲಿ ಖರ್ಚು ಮಾಡಿ ದಿನ ದೂಡಿದಂತಾಯಿತು. ಆದರೆ ಆ ಏಳರಲ್ಲಿ ಒಂದು ಪಂದ್ಯ ಮಹತ್ವದ್ದು. ಫೆಬ್ರವರಿ 21ರಂದು ಗೋವಾ ತಂಡವನ್ನು 3-0ಯಿಂದ ಸೋಲಿಸಿದರು. ನವೆಂಬರಿನಲ್ಲೂ ಗೋವೆಯ ನೆಲದಲ್ಲೇ ಅವರನ್ನು 2-1ರಿಂದ ಮಣಿಸಿದ್ದರು. ವರ್ಷಾಂತ್ಯದಲ್ಲಿ ಎರಡೂ ತಂಡಗಳಿಗೆ ಹತ್ತು ಗೆಲುವು, ನಾಲ್ಕು ಸಮ, ನಾಲ್ಕು ಸೋಲು, ಸರಿಯಾಗಿ 34 ಅಂಕ! ಗೋಲುಗಳ ಲೆಕ್ಕದಲ್ಲಿ ಗೋವೆಯವರೇ ಮುಂದಿದ್ದರು. ಆದರೆ ಅಂಕ ಸಮವಾದರೆ ಪರಸ್ಪರ ಆಡಿದ ಪಂದ್ಯಗಳನ್ನು ಮೊದಲು ನೋಡಬೇಕೆಂಬುದು ನಿಯಮ. ಹೀಗಾಗಿ ಬೆಂಗಳೂರು ಮೊದಲ ಸ್ಥಾನದಲ್ಲಿ ನಿಂತಿತು.

ಉಪಾಂತ್ಯದಲ್ಲಿ ಎದುರಾಳಿ ಈಶಾನ್ಯ ಭಾರತದ ತಂಡ. ಗುವಾಹಾಟಿಯಲ್ಲಿ 1-2ರಿಂದ ಸೋತು ಬಂದರು. ಮನೆಗೆ ಬಂದ ಮೇಲೆ ಎಪ್ಪತ್ತು ನಿಮಿಷ ಕಳೆದರೂ ಗೋಲಿಲ್ಲ. ಆಮೇಲೆ ಗುಣವಾಗಿ ಬಂದಿದ್ದ ಮಿಕು ಒಂದು, ದಿಮಾಸ್ ಒಂದು, ಛೇತ್ರಿ ಒಂದು, 3-0. ಅಂತಿಮ ಪಂದ್ಯ ಮತ್ತೆ ಗೋವೆಯವರೊಡನೆ. ಸ್ಥಳ ಅಂಧೇರಿಯ ಅದೇ ಕ್ರೀಡಾಂಗಣ. ದಿನಾಂಕ 2019ರ ಮಾರ್ಚ್ 17. ಕಂಠೀರವದಲ್ಲಿ ಸೋತ ದಿನಕ್ಕೆ ಸರಿಯಾಗಿ ಒಂದು ವರ್ಷ.

ಈ ಸಲ ಕಾಕಾ ತಾವೂ ಬರುತ್ತೇವೆಂದರು. ಮೊಮ್ಮಗನನ್ನೂ ಕರೆತಂದರು. ಭಾನುವಾರದ ಮೆಗಾಬ್ಲಾಕಿಗೆ ಹೆದರಿ ಮಧ್ಯಾಹ್ನವೇ ಹೊರಟು, ಬುತ್ತಿಯ ರೊಟ್ಟಿ ಚಟ್ನಿಪುಡಿಯನ್ನು ಮೈದಾನದ ಹೊರಗೇ ಕುಳಿತು ತಿಂದೆವು. ಬೆಂಗಳೂರಿನಿಂದ ಬಂದಿದ್ದ ನೀಲಿ ಅಂಗಿಯವರ ಕೂಗು ದೂರದಿಂದಲೇ ಕೇಳುತ್ತಿತ್ತು. ಅದರಲ್ಲಿ ನಮ್ಮ ಭಾಷೆ ಕಿವಿಗೆ ಬಿದ್ದಾಗ ನಮಗಾದ ಸಂತೋಷವನ್ನು ಊರು ಬಿಟ್ಟು ಬಂದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ತೊಂಬತ್ತು ನಿಮಿಷ ಮುಗಿದರೂ ಗೋಲಿಲ್ಲ. ಹೆಚ್ಚಿನ ಅವಧಿ ಆರಂಭವಾಯಿತು. 105ನೆಯ ನಿಮಿಷದಲ್ಲಿ ಗೋವೆಯ ಜಾಹೂ ಎರಡನೆಯ ಹಳದಿ ಚೀಟಿ ಪಡೆದು ಹೊರಗೆ ನಡೆದರು. 117ನೆಯ ನಿಮಿಷ. ಮೂಲೆಯಿಂದ ದಿಮಾಸ್ ಒದ್ದ ಚೆಂಡಿಗೆ ರಾಹುಲ್ ಭೇಕೆ ಎಗರಿ ತಲೆ ಕೊಟ್ಟರು. ಚೆಂಡು ಬಲೆಯೊಳಗೆ! ಕಾಕಾ ಎದ್ದು ನಿಂತು ಟೊಪ್ಪಿಗೆ ತೆಗೆದು ಬೀಸಿದರು. 1-0. ಲೀಗಿನ ಪಟ್ಟಿಯಲ್ಲಿ ಮೊದಲಿಗರಾದವರೇ ಕಪ್ಪನ್ನೂ ಗೆದ್ದದ್ದು ಆ ಪಂದ್ಯಾವಳಿಯಲ್ಲಿ ಅದೇ ಮೊದಲು.

ಗದ್ದಲ ಇಳಿದ ಮೇಲೆ ಕಾಕಾ ಕೇಳಿದರು: “ಗೋಲ್ ಹೊಡದಾಂವ ಯಾವೂರವ?”

“ಇಲ್ಲಿಯವರೇ ಕಾಕಾ. ಮುಂಬೈಯಲ್ಲೇ ಹುಟ್ಟಿದವರು.”

ಅವರು ಮಾತಾಡಲಿಲ್ಲ. ಘಾಟ್‌ಕೋಪರ್ ಬರುವವರೆಗೂ ಸುಮ್ಮನೇ ಕುಳಿತಿದ್ದರು. ನಿಲ್ದಾಣದ ಮೆಟ್ಟಿಲು ಇಳಿಯುವಾಗ, “ಈ ಊರಿನ ಹುಡುಗ ನಮ್ಮೂರಿಗೆ ಕಪ್ ಗೆದ್ದು ಕೊಟ್ಟ. ಅಂವಗ ಇಲ್ಲಿಯವರು ಬೈತಾರೇನು?” ಎಂದರು. ಯಾರೂ ಬೈಯಲಿಲ್ಲ ಎಂದೆವು. ಬೈಯುವುದಿರಲಿ, ನಮ್ಮ ಡಬ್ಬಿಯಲ್ಲಿದ್ದ ಮರಾಠಿ ತರುಣರು ಭೇಕೆಯವರ ಹೆಸರನ್ನು ಅಭಿಮಾನದಿಂದಲೇ ಹೇಳುತ್ತಿದ್ದರು.

ಬಂಧುಗಳೇ, ಇದು ನಮ್ಮೊಬ್ಬರ ಕಥೆಯಲ್ಲ. ಇಟಲಿಯಲ್ಲಿ ಟ್ಯೂರಿನ್ ಎಂಬ ಪಟ್ಟಣವಿದೆ. ಅಲ್ಲಿನ ಫಿಯಟ್ ಮೋಟಾರು ಕಾರ್ಖಾನೆಗೆ 1950 ಮತ್ತು 60ರ ದಶಕಗಳಲ್ಲಿ ದಕ್ಷಿಣದ ಬಡ ಸೀಮೆಗಳಿಂದ ಲಕ್ಷಗಟ್ಟಲೆ ಜನ ಹೊಟ್ಟೆಪಾಡಿಗೆ ಬಂದರು. ದಕ್ಷಿಣದವರಿಗೆ ಮನೆ ಬಾಡಿಗೆಗೆ ಇಲ್ಲ ಎಂಬ ಹಲಗೆಗಳು ಅಲ್ಲಿ ತೂಗುತ್ತಿದ್ದವು. ಅದೇ ಊರಿನ ಯುವೆಂಟಸ್ ಕ್ಲಬ್ಬು ಫಿಯಟ್ ಮಾಲಿಕರಾದ ಆನ್ಯೆಲ್ಲಿ ಮನೆತನದ್ದು. 1968ರಲ್ಲಿ ಆ ಕ್ಲಬ್ಬು ಸಿಸಿಲಿಯ ಕತಾನಿಯಾದಲ್ಲಿ ಹುಟ್ಟಿದ ಪಿಯೆತ್ರೊ ಅನಸ್ತಾಸಿ ಎಂಬ ತರುಣನನ್ನು ಭಾರಿ ಹಣ ತೆತ್ತು ತಂದಿತು. 1971-72ರ ವರ್ಷ ಕ್ಲಬ್ಬು ಇಟಲಿಯ ಪ್ರಶಸ್ತಿ ಗೆದ್ದಾಗ ಅವನು ಅದರ ಮುನ್ಪಡೆಯಲ್ಲಿದ್ದ. ಯಂತ್ರದ ಮುಂದೆ ನಿಂತ ದಕ್ಷಿಣದ ಕಾರ್ಮಿಕರು ಅವನಲ್ಲಿ ತಮ್ಮನ್ನು ಕಂಡರು. ಬಾಡಿಗೆಗೆ ಮನೆ ಕೊಡದಿದ್ದ ಊರು ಅವರವನ ಗೋಲಿಗೆ ಚಪ್ಪಾಳೆ ತಟ್ಟಬೇಕಾಯಿತು.

ಅಷ್ಟು ದೂರವೇಕೆ? 1937ರಲ್ಲಿ ಇದೇ ಮುಂಬೈಯಲ್ಲಿ, ಅದುವರೆಗೆ ಗೋರಾ ಸಿಪಾಯಿಗಳ ತಂಡಗಳೇ ಗೆಲ್ಲುತ್ತಿದ್ದ ರೋವರ್ಸ್ ಕಪ್ಪನ್ನು ಮೊದಲ ಬಾರಿಗೆ ಗೆದ್ದ ಭಾರತೀಯ ಕ್ಲಬ್ಬು ಬೆಂಗಳೂರಿನದು. ಹೆಸರು ಬೆಂಗಳೂರು ಮುಸ್ಲಿಮ್ಸ್. 1938ರಲ್ಲೂ ಅವರೇ ಗೆದ್ದರು. ಬೆಂಗಳೂರಿನವರು ಮುಂಬೈಯಲ್ಲಿ ಕಪ್ಪು ಎತ್ತುವ ಸಂಪ್ರದಾಯ ನಿನ್ನೆ ಮೊನ್ನೆಯದಲ್ಲ.

ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಮಾಲಿಕರ ಹಣದ ಮೇಲೆ ನಿಂತ ತಂಡ ಮಾಲಿಕರ ಮನಸ್ಸಿನ ಮೇಲೆಯೇ ನಿಂತಿರುತ್ತದೆ. ಪಂಜಾಬಿನ ಫಗ್ವಾಡಾದಲ್ಲಿ ಜೆ.ಸಿ.ಟಿ. ಎಂಬ ಬಟ್ಟೆ ಗಿರಣಿಯ ತಂಡವಿತ್ತು. 1996-97ರಲ್ಲಿ ದೇಶದ ಮೊದಲ ರಾಷ್ಟ್ರೀಯ ಲೀಗನ್ನು ಗೆದ್ದದ್ದು ಅದೇ. 2011ರಲ್ಲಿ ಅದನ್ನು ಮುಚ್ಚಿದರು. ಮುಂಬೈಯ ಮಹೀಂದ್ರಾ ಯುನೈಟೆಡ್ ಅದಕ್ಕೂ ಒಂದು ವರ್ಷ ಮೊದಲೇ ಮುಚ್ಚಿತ್ತು. ಗಿರಣಿಯ ಬಾಗಿಲಿಗೆ ಬೀಗ ಬೀಳುವುದೆಂದರೇನೆಂದು ಈ ಸಭೆಗೆ ನಾವು ಹೇಳಬೇಕೆ? ಬೆಂಗಳೂರು ತಂಡವೂ 2019ರ ಬಳಿಕ ಬರೀ ಗೆಲ್ಲುತ್ತಲೇ ಹೋಗಲಿಲ್ಲ. 2022ರಲ್ಲಿ ಡ್ಯುರಾಂಡ್ ಕಪ್ಪನ್ನು ಮುಂಬೈ ಸಿಟಿಯ ಮೇಲೆಯೇ ಗೆದ್ದರೂ, ಸೂಪರ್ ಲೀಗಿನ ಅಂತಿಮ ಪಂದ್ಯಗಳಲ್ಲಿ 2023ರಲ್ಲೂ 2025ರಲ್ಲೂ ಸೋತಿತು. ಆಟಗಾರರು ಕರಾರಿನ ಮೇಲೆ ಬರುತ್ತಾರೆ, ಕರಾರು ಮುಗಿದರೆ ಹೋಗುತ್ತಾರೆ. ಆದರೆ ಇರುವಷ್ಟು ದಿನ ಎದೆಯ ಮೇಲಿನ ಹೆಸರಿಗೆ ಮೋಸ ಮಾಡದೆ ದುಡಿದರೆ ಆ ಊರು ಅವರದೇ. ಕಾಕಾ ಕೇಳಿದ ಪ್ರಶ್ನೆಗೆ ನಮಗೆ ತೋಚಿದ ಉತ್ತರ ಇಷ್ಟೇ. ಹಾಗಾದರೆ ಮೂವತ್ತು ವರ್ಷ ಇಲ್ಲಿಯ ಮಗ್ಗ ನಡೆಸಿದ ಕಾಕಾಗೆ ಈ ಊರು ಮಂದಿಯ ಊರು ಹೇಗಾದೀತು? ಇಲ್ಲಿ ದುಡಿದು ಬೆಂಗಳೂರಿಗೆ ಕೂಗಿದರೆ ಅದು ಕೃತಘ್ನತೆ ಹೇಗಾದೀತು?

ಮುಂದಿನ ವಾರ ಕಾಕಾ ಆ ಅರ್ಜಿಯನ್ನು ಪೆಟ್ಟಿಗೆಯಿಂದ ತೆಗೆದು ವಾಚನಾಲಯಕ್ಕೆ ತಂದರು. ನಾವು ತುಂಬಿಸಿದೆವು. ಊರು ಎಂಬ ಮನೆಗೆ ಬಂದು ಲೇಖನಿ ನಿಲ್ಲಿಸಿ ಅವರ ಮುಖ ನೋಡಿದೆವು. “ಡೊಂಬಿವಲಿ ಬರೀರಿ. ಸಹಿ ಮಾತ್ರ ನಾ ಕನ್ನಡದಾಗ ಮಾಡತೀನಿ” ಎಂದರು. ಮಾಡಿದರು. ಹುಡುಗ ಆ ವರ್ಷ ಆಯ್ಕೆಯಾಗಲಿಲ್ಲ. ಆಟವನ್ನೂ ಬಿಡಲಿಲ್ಲ. ಈಗ ಕಾಲೇಜಿಗೆ ಹೋಗುತ್ತಾನೆ. ಭಾನುವಾರ ಬೆಳಗ್ಗೆ ಚಾಳಿನ ಚಿಕ್ಕ ಹುಡುಗರಿಗೆ ಚೆಂಡು ಒದೆಯುವುದನ್ನು ಕಲಿಸುತ್ತಾನೆ. ಅವರಲ್ಲಿ ಕನ್ನಡದವರಿದ್ದಾರೆ, ಮರಾಠಿಯವರಿದ್ದಾರೆ, ಉತ್ತರದವರೂ ಇದ್ದಾರೆ. ಅವರಿಗೆ ಎರಡು ಚೆಂಡು ಬೇಕಾಗಿವೆ. ಕೊಡುವ ಮನಸ್ಸಿದ್ದವರು ವಾಚನಾಲಯದ ಮೇಜಿನ ಬಳಿ ನಮ್ಮನ್ನು ಕಾಣಬೇಕಾಗಿ ವಿನಂತಿ.

ಮೇಲ್ವಿಚಾರಕರಿಗೂ ನಿಜ ಹೇಳಿದೆವು. ಅವರು ನಕ್ಕು, ಮುಂದಿನ ಸಲ ನನ್ನನ್ನೂ ಕರೆಯಿರಿ ಎಂದರು.